ಕಾಟಾದವನೂ ಕುರ್ಚಿಯವಳೂ

ತನುಜಾ ಬೀರಾ ನಾಯ್ಕ. ಮೂವತ್ತನಾಲ್ಕು ವರ್ಷದ ಮಾಲು. ಎತ್ತರ ಐದು ಅಡಿಗೆ ಎರಡು ಬೆರಳು ಕಡಿಮೆ. ತೂಕ, ಬುತ್ತಿ ಡಬ್ಬಿ, ಕೊಡೆ, ಬಸ್ಸಿನಲ್ಲಿ ಯಾರೋ ಕೈಗೆ ತುರುಕಿದ ಬಾಳೆಕಾಯಿ ಎಲ್ಲ ಸೇರಿಸಿ ಐವತ್ತು ಕಿಲೋ. ಹೊರಮೈ ನುಣುಪಿಲ್ಲ, ಹೊಳಪು ಬರಲೆಂದು ಏನನ್ನೂ ಬಳಿದಿಲ್ಲ. ಎಡಗೈ ಹೆಬ್ಬೆರಳಲ್ಲಿ ಅಡಕತ್ತರಿ ತಗುಲಿದ ಹಳೇ ಗಾಯ. ಒಡೆದು ನೋಡಿದರೆ ಒಳಗೆ ಗಟ್ಟಿ, ಹುಳುಕಿಲ್ಲ. ಆದರೆ ಒಡೆದು ನೋಡುವಷ್ಟು ತಾಳ್ಮೆ ಯಾರಿಗಿದೆ? ಇಂಥ ಮಾಲನ್ನು ಮೊದಲ ನೋಟಕ್ಕೇ ಎರಡನೇ ದರ್ಜೆಗೆ ಹಾಕಿ ಕೈ ಸುಟ್ಟುಕೊಂಡ ವ್ಯಾಪಾರಿಗಳಿದ್ದಾರೆ. ನಾನೂ ಅವರಲ್ಲೊಬ್ಬ.

ಸಿದ್ದಾಪುರ ತಾಲೂಕಿನ ತ್ಯಾಗಲಿಯಿಂದ ಬೆಳಗಿನ ಬಸ್ಸಿಗೆ ಅವಳು ಶಿರಸಿಗೆ ಬರತೊಡಗಿ ಹದಿನಾಲ್ಕು ವರ್ಷವಾಯಿತು. ನಮ್ಮ ವಖಾರಿಯಲ್ಲಿ, ಅಂದರೆ ಅಡಿಕೆ ಮಂಡಿಯಲ್ಲಿ, ಆರಿಸುವ ಕೆಲಸ. ಬೆಳೆಗಾರರು ಒಣಗಿಸಿ ಸುಲಿದು ತಂದ ಅಡಿಕೆಯನ್ನು ಅಂಗಳದಲ್ಲಿ ಹರವಿಕೊಂಡು ಹದಿನಾರು ಹೆಂಗಸರು ಕೂರುತ್ತಾರೆ. ಒಳ್ಳೆಯದು ಚಾಲಿ; ಒಡಕು, ಕಪ್ಪು, ಟೊಳ್ಳಾದದ್ದು ಕೋಕಾ. ಅವರು ಆರಿಸಿದ್ದರ ಮೇಲೆ ಕೊನೆಯ ಮಾತು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತವರದು. ಚೀಲದಿಂದ ಒಂದು ಬೊಗಸೆ ತೆಗೆದು ನೋಡಿ ಅವರು ಹೇಳಿದ್ದೇ ದರ್ಜೆ. ಬೆಳೆಗಾರನ ಒಂದು ವರ್ಷದ ಬೆವರು ಆ ಒಂದು ಶಬ್ದದ ಮೇಲೆ ನಿಂತಿರುತ್ತದೆ. ಹಾಗಾಗಿ ಆ ಕುರ್ಚಿಗೆ ಕೈಯಿಲ್ಲದಿದ್ದರೂ, ಒಂದು ಕಾಲಿಗೆ ರಟ್ಟು ಕೊಟ್ಟು ನಿಲ್ಲಿಸಿದ್ದರೂ, ವಖಾರಿಯಲ್ಲಿ ಅದಕ್ಕಿರುವ ಮರ್ಯಾದೆ ನನ್ನ ಗಾದಿಗೂ ಇಲ್ಲ.

ಆಗ ಅಲ್ಲಿ ಕೂರುತ್ತಿದ್ದವರು ಅಂದಾನಪ್ಪನವರು. ದನಿ ದೊಡ್ಡದು, ಅನುಭವ ಅದಕ್ಕಿಂತ ದೊಡ್ಡದು. ಕಣ್ಣಿಗೆ ಮಾತ್ರ ಪೊರೆ ಬಂದಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ತನುಜಾಗೆ ಹೇಳದೆಯೇ ಗೊತ್ತಾಗಿತ್ತು. ಅವಳು ಅವರ ಕಾಲ ಬುಡದಲ್ಲೇ ಕೂತು ಆರಿಸುತ್ತಿದ್ದಳು. ಚೀಲ ಬಂದಾಗ ಅಡಿಕೆಯನ್ನು ಈ ಅಂಗೈಯಿಂದ ಆ ಅಂಗೈಗೆ ಸುರಿದು ಸದ್ದು ಕೇಳುವುದು ಅವಳ ಅಭ್ಯಾಸ. ಒಣಗಿದ್ದು ಒಂದು ನಮೂನೆ ನುಡಿಯುತ್ತದೆ, ಹಸಿ ಉಳಿದದ್ದು ಇನ್ನೊಂದು ನಮೂನೆ. ಆಮೇಲೆ ಅವಳು ಕೆಮ್ಮುತ್ತಿದ್ದಳು. ಒಂದು ಕೆಮ್ಮಿದರೆ ಚಾಲಿ, ಎರಡು ಕೆಮ್ಮಿದರೆ ಕೋಕಾ. ಅಂದಾನಪ್ಪನವರು ಬೊಗಸೆ ನೋಡಿದಂತೆ ಮಾಡಿ, ಕಣ್ಣು ಕಿರಿದು ಮಾಡಿ, ಗಟ್ಟಿಯಾಗಿ ಘೋಷಿಸುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ಹುಡುಗಿಗೆ ಎದೆರೋಗವೇನೋ ಎಂದು ಬೆಳೆಗಾರರೊಬ್ಬರು ಕಷಾಯದ ಪುಡಿ ತಂದುಕೊಟ್ಟರು. ಅವಳು ಅದನ್ನೂ ಮೂಸಿ ನೋಡಿ, "ಶುಂಠಿ ಹಳೇದು," ಎಂದಳು.

ಅಂದಾನಪ್ಪನವರು ಕೆಲಸ ಬಿಟ್ಟು ಮನೆಗೆ ಹೋದ ಮೇಲೆ, ಬೇರೆಯವರು ಸಿಗುವ ತನಕ ಅಂತ ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ. ಪೇಟೆಯಲ್ಲಿ ನಕ್ಕರು. ಇಬ್ಬರು ಬೆಳೆಗಾರರು, ಹೆಂಗಸಿನಿಂದ ದರ್ಜೆ ಹೇಳಿಸಿಕೊಳ್ಳುವುದಾ ಎಂದು ಚೀಲ ಹೊತ್ತು ಬೇರೆ ಕಡೆ ಹೋದರು. ಅಲ್ಲೂ ಅವಳು ಹೇಳಿದ್ದನ್ನೇ ಕೇಳಿಸಿಕೊಂಡು ಅದೇ ಚೀಲ ಹೊತ್ತು ವಾಪಸು ಬಂದರು. ಆಮೇಲೆ ಬೇರೆಯವರನ್ನು ಹುಡುಕುವುದು ನನಗೆ ಮರೆತುಹೋಯಿತು. ಅವಳು ತನ್ನದಲ್ಲದ್ದನ್ನು ಯಾವತ್ತೂ ಕೇಳಿದವಳಲ್ಲ. ಆದರೆ ಆ ಕುರ್ಚಿಗೆ ಹೊಲಿದ ಮೆತ್ತೆಯೊಂದನ್ನು ಮನೆಯಿಂದ ತಂದು ಹಾಕಿಕೊಂಡಳು. ಮೆತ್ತೆ ಹಾಕಿಕೊಂಡವರು ಏಳುವ ಅಂದಾಜಿನಲ್ಲಿ ಇರುವುದಿಲ್ಲ ಎಂದು ಯಾರಾದರೂ ನನಗೆ ಆಗ ಹೇಳಬೇಕಿತ್ತು.

ಕುರ್ಚಿಗೆ ಎದುರಾಗಿ ಕಾಟಾ, ಅಂದರೆ ತೂಕದ ಯಂತ್ರ. ಅದರ ಪಕ್ಕ ಚನ್ನಬಸವ. ಬನವಾಸಿ ಕಡೆಯವನು, ಉದ್ದನೆಯ ಆಳು, ಮಾತು ಕಡಿಮೆ. ಅವಳು ದರ್ಜೆ ಕೂಗಬೇಕು, ಇವನು ತೂಕ ಕೂಗಬೇಕು. "ಚಾಲಿ!" "ಅರವತ್ತೈದು, ಇನ್ನೂರು!" ದಿನಕ್ಕೆ ನೂರು ಸಲ, ವರ್ಷಗಟ್ಟಲೆ. ಬೇರೆಯವರು ಪ್ರೀತಿ ಮಾಡಲು ತೋಟ, ಹೊಳೆದಂಡೆ ಹುಡುಕುತ್ತಾರೆ. ಇವರಿಗೆ ಚೀಲಗಳ ನಡುವಿನ ಹತ್ತಡಿ ಜಾಗವೇ ಸಾಕಾಯಿತು. ಮೊದಲು ಪತ್ತೆ ಹಚ್ಚಿದವರು ಆರಿಸುವ ಹೆಂಗಸರು. ಐದು ವರ್ಷ ಬಾಯಿತುಂಬ "ಬಸಣ್ಣಾ" ಎನ್ನುತ್ತಿದ್ದ ತನುಜಾ, ಒಂದು ಸೋಮವಾರ "ಓಯ್, ಕಾಟಾದವ್ರೇ" ಎಂದಳು. ಅಂಗಳದಲ್ಲಿ ಹದಿನೈದು ಜೊತೆ ಕೈಗಳು ಒಂದು ಗಳಿಗೆ ನಿಂತು, ಮತ್ತೆ ಓಡತೊಡಗಿದವು.

"ಎಂತಾ ತನುಜಾ, ಅಣ್ಣ ಕಳದೋದ್ನನೆ?" ಎಂದು ಚೌಡಮ್ಮ ತಲೆ ಎತ್ತದೆ ಕೇಳಿದಳು. ಚೌಡಮ್ಮ ಅಂಗಳದ ಹಿರಿಯಳು.

"ಕಳದೋದ್ರೆ ಹುಡ್ಕು. ನಿನ್ನ ರಾಶೀಲಿ ಮೂರು ಕೋಕಾ ಉಳದದೆ, ಅದ್ನ ಮೊದ್ಲು ಹುಡ್ಕು," ಎಂದಳು ತನುಜಾ.

ನಾಲ್ಕು ವರ್ಷದ ಹಿಂದೆ ಚನ್ನಬಸವ ಮದುವೆಯ ಮಾತು ಎತ್ತಿದ. ಅವಳು "ನೋಡುವಾ" ಎಂದಳು. ಮರುವರ್ಷವೂ "ನೋಡುವಾ." ಜಾತಿ ಅಡ್ಡ ಬಂದಿರಬೇಕು ಎಂದುಕೊಳ್ಳುತ್ತೀರಿ. ಬಂದಿತ್ತು. ಅವನದು ಲಿಂಗ ಕಟ್ಟುವ ಮನೆ, ಅವಳದು ಹಬ್ಬಕ್ಕೆ ಕೋಳಿ ಬೇಯುವ ಮನೆ. ಜಾತಿ ಒಂದು ವರ್ಷ ಎರಡೂ ಮನೆಯ ಜಗಲಿಯಲ್ಲಿ ಕೂತು ನೋಡಿತು; ಮದುಮಗನ ವಯಸ್ಸು ಮೂವತ್ತಾರು, ಮದುಮಗಳದು ಮೂವತ್ತು ದಾಟಿತು ಎಂದು ಗೊತ್ತಾಗಿ ತಾನೇ ಎದ್ದು ಹೋಯಿತು. ಅವನ ತಾಯಿ ಗುರುಶಾಂತವ್ವ, ಮಗನಿಗೆ ಮದುವೆಯಾದರೆ ಚಂದಗುಳಿಯ ಗಂಟೆ ಗಣಪತಿಗೆ ಗಂಟೆ ಕಟ್ಟುತ್ತೇನೆಂದು ಹರಕೆ ಹೊತ್ತಳು. ಇನ್ನು ಹೂಂ ಅನ್ನಬೇಕಾದವಳು ಒಬ್ಬಳೇ. ಅವಳು ನೋಡುತ್ತಲೇ ಇದ್ದಳು.

ಅವಳು ನೋಡುತ್ತಿದ್ದುದು ನಮ್ಮ ವಖಾರಿಯ ಒಂದು ಕಟ್ಟಳೆಯನ್ನು. ನಮ್ಮ ಅಪ್ಪನ ಕಾಲದಲ್ಲಿ ದರ್ಜೆಯವನೂ ತೂಕದವನೂ ಅಣ್ಣತಮ್ಮಂದಿರಾಗಿದ್ದರು. ಮೋಸ ಇತ್ತೋ ಇಲ್ಲವೋ, ಬೆಳೆಗಾರರೊಬ್ಬರು ಅಂಗಳದ ನಡುವೆ ನಿಂತು "ಇವ್ರ ಮನೆ ಒಲೆ ಒಂದೇ" ಎಂದುಬಿಟ್ಟರು. ಆ ಹಂಗಾಮು ಪೂರ್ತಿ ವಖಾರಿಗೆ ನೊಣ ಬಿಟ್ಟರೆ ಬೇರೆ ಗಿರಾಕಿ ಬರಲಿಲ್ಲ. ಅಂದಿನಿಂದ, ದರ್ಜೆ ಹೇಳುವವರೂ ತೂಕ ಮಾಡುವವರೂ ಒಂದೇ ಒಲೆಯ ಅನ್ನ ಉಣ್ಣುವವರಾಗಬಾರದು. ಬರೆದಿಟ್ಟದ್ದಲ್ಲ, ಆದರೆ ಎಲ್ಲರಿಗೂ ಗೊತ್ತು. ಇವರಿಬ್ಬರೂ ಮದುವೆಯಾದರೆ ಒಬ್ಬರು ಏಳಬೇಕು. ಯಾರು ಎಂದು ಕಟ್ಟಳೆ ಹೇಳುವುದಿಲ್ಲ. ಅದನ್ನು ಉಳಿದವರೆಲ್ಲ ಹೇಳುತ್ತಿದ್ದರು, ಹೇಳದೆಯೇ.

ಕಳೆದ ವರ್ಷ ಜನವರಿಯಲ್ಲಿ ಚನ್ನಬಸವ ನನ್ನ ಗಾದಿಯ ಎದುರು ಬಂದು ನಿಂತ.

"ಸಾವಕಾರ್ರ, ಅಕಿ ಕುರ್ಚಿಗೆ ಬ್ಯಾರೆ ಯಾರನ್ನರ ನೋಡಿಡ್ರಿ. ದಾರಿ ಖುಲ್ಲಾ ಆದ್ರ ಅಕಿ ಹೂಂ ಅಂತಾಳ."

"ಅವಳೇ ಹೇಳಿದ್ಲಾ?"

"ಹೇಳಿಲ್ರಿ. ನಾಚಿಕಿ ಇರ್ತದಲ್ರಿ."

ನನಗೂ ಸರಿಯೆನಿಸಿತು. ಯಲ್ಲಾಪುರದಲ್ಲಿ ನಮ್ಮದೊಂದು ಚಿಕ್ಕ ವಖಾರಿ ಇದೆ. ಅಲ್ಲಿ ದರ್ಜೆ ಹೇಳುವ ಮನುಷ್ಯನಿಗೆ ಫೋನು ಮಾಡಿ ಯುಗಾದಿಯಿಂದ ಶಿರಸಿಗೆ ಬರಲು ಹೇಳಿದೆ. ಒಂದು ಹೆಣ್ಣಿನ ಕಷ್ಟವನ್ನು ಇಬ್ಬರು ಗಂಡಸರು ಸೇರಿ ಪರಿಹರಿಸಿದೆವೆಂದು ಚಹಾ ತರಿಸಿ ಕುಡಿದೆವು. ಅವಳಿಗೆ ಹೇಳುವುದು ಇಬ್ಬರಿಗೂ ಹೊಳೆಯಲಿಲ್ಲ.

ಫೆಬ್ರವರಿಯಲ್ಲಿ ಸಿನಿಮಾದವರು ಬಂದರು. ಡೈರೆಕ್ಟರು ಸ್ಫೂರ್ತಿ ಎಂಬ ಹುಡುಗಿ. ತಲೆಗೆ ಟೋಪಿ, ಕುತ್ತಿಗೆಗೆ ಮೂರು ದಾರ, ಊಟದ ನೆನಪಿಲ್ಲ. ಒಂದೇ ಕಡೆ ಕೆಲಸ ಮಾಡುವ ಇಬ್ಬರ ಪ್ರೀತಿಯ ನಗೆ ಸಿನಿಮಾವಂತೆ. ನಾಲ್ಕು ದಿನಕ್ಕೆ ಅಂಗಳ ಬೇಕೆಂದಳು. ಇಲ್ಲಿ ಯಾರಾದರೂ ಹಾಗೆ ಪ್ರೀತಿ ಮಾಡಿದ್ದುಂಟಾ ಎಂದು ಹೆಂಗಸರನ್ನು ಕೇಳಿದಳಂತೆ. ಮೂರು ವರ್ಷ ನನ್ನಿಂದ ಮುಚ್ಚಿಟ್ಟದ್ದನ್ನೆಲ್ಲ ಅವರು ಅವಳಿಗೆ ಅರ್ಧ ಗಂಟೆಯಲ್ಲಿ ಬಿಚ್ಚಿಟ್ಟರು. ಮರುದಿನದ ಹೊತ್ತಿಗೆ ಕಥೆಯ ಹೀರೋ ಕಾಟಾದವನಾಗಿದ್ದ, ಹೀರೋಯಿನ್ನು ದರ್ಜೆ ಹೇಳುವವಳಾಗಿದ್ದಳು.

ಹೀರೋಯಿನ್ನಿನ ಮುಖ ಚೆನ್ನಾಗಿತ್ತು. ಕೈ ಮಾತ್ರ ಅಕ್ಕಿಯಲ್ಲಿ ಕಲ್ಲು ಆರಿಸುವ ಕೈ, ಅಡಿಕೆಯದಲ್ಲ. ಹಾಗಾಗಿ ಹತ್ತಿರದಿಂದ ತೆಗೆಯುವಾಗ ತನುಜಾಳ ಕೈ ಸಾಕೆಂದು ತೀರ್ಮಾನವಾಯಿತು. ಹೀರೋಯಿನ್ನಿನದೇ ಬಳೆ, ಅದೇ ಬಣ್ಣದ ರವಿಕೆಯ ತೋಳು ಹಾಕಿಸಿದರು. ಹೆಬ್ಬೆರಳ ಗಾಯ ಮುಚ್ಚಲು ಏನೋ ಬಳಿಯಲು ಬಂದರೆ, ಅವಳು ಕೈ ಹಿಂದೆಗೆದು, "ಇದಿದ್ರೇ ಅಡಿಕೆ ನಂಬ್ತದೆ" ಎಂದಳು. ಬಿಟ್ಟರು.

ನಾಲ್ಕನೆಯ ದಿನ ಮಧ್ಯಾಹ್ನ ಕೊನೆಯ ದೃಶ್ಯ. ಹೀರೋ ಬಾಗಿಲಲ್ಲಿ ನಿಂತು ಕರೆಯುತ್ತಾನೆ. ಹೀರೋಯಿನ್ನು ಬೊಗಸೆಯ ಅಡಿಕೆಯನ್ನು ಚೀಲಕ್ಕೆ ಸುರಿದು, ಕೈ ಝಾಡಿಸಿ, ಕುರ್ಚಿ ಬಿಟ್ಟು ಓಡುತ್ತಾಳೆ. ತನುಜಾ ಮಾಡಬೇಕಾದದ್ದು ಸುರಿಯುವುದು, ಝಾಡಿಸುವುದು, ಎರಡೂ ಕೈ ಚಿತ್ರದಿಂದ ಆಚೆ ಒಯ್ಯುವುದು. ಅಷ್ಟೇ.

ಮೊದಲ ಸಲ ಸುರಿದಳು. ಕೈ ಆಚೆ ಹೋಗಲಿಲ್ಲ. ಚೀಲದೊಳಗಿಂದ ಒಂದು ಅಡಿಕೆ ತೆಗೆದು ಬದಿಗಿಟ್ಟಿತು. ಎರಡನೇ ಸಲವೂ ಹಾಗೇ. ಐದನೇ ಸಲಕ್ಕೆ ಸ್ಫೂರ್ತಿ ಟೋಪಿ ತೆಗೆದು ನೆಲಕ್ಕೆ ಕೂತಳು.

"ತನುಜಕ್ಕ, ಕೈ ಯಾಕೆ ವಾಪಸ್ ಬರ್ತಿದೆ?"

"ಒಂದು ಕೋಕಾ ಒಳಗೆ ಬಿತ್ತು ಮಾರಾಯ್ತಿ. ಅದ್ನ ಬಿಟ್ಟು ಹ್ಯಾಂಗೆ ಏಳೂದು?"

"ಸಿನಿಮಾದಲ್ಲಿ ಅದು ಕಾಣಲ್ಲ ಅಕ್ಕ."

"ಚೀಲ ಕಟ್ಟಿದ್ಮೇಲೆ ವಖಾರೀಲೂ ಕಾಣೂದಿಲ್ಲ." ಅವಳು ತೆಗೆದ ಕೋಕಾ ಬದಿಗಿಟ್ಟು ಕೇಳಿದಳು: "ಅಲ್ಲ, ಈ ಹುಡುಗಿ ಕೆಲಸ ಎಂತಕೆ ಬಿಡೂದು?"

"ಮದುವೆ ಆಗ್ತಾಳಲ್ಲ."

"ಅವ ಆಗೂದಿಲ್ವಾ?"

"ಅವನೂ ಆಗ್ತಾನೆ. ಅವರಿಬ್ಬರದೇ ಮದುವೆ."

"ಮತ್ತೆ ಅವ ಎಂತಕೆ ಬಿಡೂದಿಲ್ಲ?"

ಅಂಗಳದ ಹೆಂಗಸರು ನಕ್ಕರು. ಕ್ಯಾಮರಾದವರು ನಕ್ಕರು. ಹೀರೋಯಿನ್ನು ಎಲ್ಲರಿಗಿಂತ ಜೋರಾಗಿ ನಕ್ಕಳು. ನಗದೆ ಉಳಿದವರು ಇಬ್ಬರು. ಒಬ್ಬ ಚನ್ನಬಸವ. ಇನ್ನೊಬ್ಬ ನಾನು, ಯಲ್ಲಾಪುರಕ್ಕೆ ಮಾಡಿದ ಫೋನು ನೆನಪಾಗಿತ್ತು. ಸ್ಫೂರ್ತಿ ಎದ್ದು ಟೋಪಿ ಹಾಕಿಕೊಂಡಳು. ಬೆಳಕು ಹೋಗುತ್ತಿದೆ ಎಂದು ಆ ದೃಶ್ಯವನ್ನು ಅಲ್ಲಿಗೇ ಬಿಟ್ಟಳು.

ಸಂಜೆ ಬಸ್‌ಸ್ಟ್ಯಾಂಡಿನ ತನಕ ಚನ್ನಬಸವ ಅವಳ ಜೊತೆ ನಡೆದ. ಸಿದ್ದಾಪುರದ ಬಸ್ಸು ನಿಂತಿತ್ತು. ಅವಳು ಹತ್ತುವ ಮೊದಲು ಹೇಳಿಬಿಟ್ಟ: ಯುಗಾದಿಗೆ ಬೇರೆಯವರು ಬರುತ್ತಾರೆ, ಸಾವಕಾರರಿಗೆ ತಾನೇ ಹೇಳಿದ್ದು, ಅವಳಿಗೆ ಹಗುರಾಗಲಿ ಎಂದು.

ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ಹಾಗೇ ನಿಂತಳು. ಸಿಟ್ಟು ಬರುವುದಕ್ಕೂ ಮೊದಲು ಅವಳಿಗೆ ಬಂದದ್ದು ನಾಚಿಕೆಯಂತೆ. ಒಂದು ತಿಂಗಳಿಂದ ತಾನು ಕೂಗಿದ ಪ್ರತಿ ಚೀಲದ ದರ್ಜೆಯನ್ನೂ ಈ ಇಬ್ಬರು, ಹೇಗೂ ಹೋಗುವವಳು ಎಂದುಕೊಂಡು ಕೇಳಿಸಿಕೊಂಡರಲ್ಲ.

"ನನ್ನ ಕುರ್ಚಿ ನೀನು ಮಾತಾಡಿ ಕೊಟ್ಟು ಬಂದ್ಯಾ?"

"ಹಂಗಲ್ಲ ತನುಜಾ..."

"ಮೂರು ವರ್ಷ ನಾನು ಎಂತಾ ನೋಡ್ತಿದ್ದೆ ಅಂದ್ಕಂಡೆ? ನಿನ್ನ ಮುಖನಾ? ಅದು ಮೊದಲ್ನೇ ದಿನವೇ ನೋಡಿ ಆಗಿತ್ತು. ನೀನು ಒಂದ್ಸಲನಾದ್ರೂ 'ನಾ ಏಳ್ತೀನಿ' ಅಂತೀಯೇನೋ ಅಂತ ನೋಡ್ತಿದ್ದೆ. ಅಂದಿದ್ರೆ ನಾನೇ ಬ್ಯಾಡ ಅಂತಿದ್ನೇನೋ."

ಕಂಡಕ್ಟರು ಸೀಟಿ ಊದಿದ. ಅವಳು ಹತ್ತಿ ಕೂತಳು, ಕಿಟಕಿಯ ಕಡೆ ತಿರುಗಲಿಲ್ಲ.

ಮುಂದಿನ ಇಪ್ಪತ್ತು ದಿನ ಅವರು ಒಬ್ಬರಿಗೊಬ್ಬರು ಮಾತಾಡಲಿಲ್ಲ. ಆದರೆ ಕೆಲಸ ಬಿಡುತ್ತದೆಯೇ? ಅವಳು ದರ್ಜೆ ಕೂಗಲೇಬೇಕು, ಅವನು ತೂಕ ಕೂಗಲೇಬೇಕು. ಇಡೀ ಜಗಳ ಅದರಲ್ಲೇ ನಡೆಯಿತು. "ಚಾಲಿ!" ಎಂದರೆ ಹೊಡೆದ ಹಾಗೆ. "ಅರವತ್ತಾರು..." ಎಂದರೆ ಕಾಲಿಗೆ ಬಿದ್ದ ಹಾಗೆ. ಒಂದು ದಿನ ವಜ್ರಳ್ಳಿಯ ಕೆರಿಯಪ್ಪ, ವರ್ಷವೂ ನಮಗೇ ಅಡಿಕೆ ತರುವವರು, ತಮ್ಮ ಚೀಲವನ್ನು ಅವಳು "ಕೋಕಾ!" ಎಂದ ರೀತಿಗೆ ಬೆಚ್ಚಿದರು.

"ತಂಗೀ, ಕೋಕಾ ಅಂದ್ರೆ ಒಪ್ಗಂಡೆ. ಆದ್ರೆ ಅದ್ಕೆ ನನ್ನ ಅಡಿಕೆ ಎಂತಾ ತಪ್ಪು ಮಾಡ್ತು?"

ಅವಳು ಕುರ್ಚಿಯಿಂದ ಇಳಿದಳು. ಸಿಟ್ಟಿನಲ್ಲಿ ದರ್ಜೆ ತಪ್ಪಿದೆನೇ? ಚೀಲವನ್ನು ಪೂರ್ತಿ ನೆಲಕ್ಕೆ ಸುರಿಸಿ, ಒಂದೊಂದೇ ಬೊಗಸೆ ಸದ್ದು ಕೇಳಿ, ಮುಕ್ಕಾಲು ಗಂಟೆ ಕೂತು ನೋಡಿದಳು. ಕೋಕಾವೇ. ಆದರೂ ಎದ್ದು, "ದರ್ಜೆ ಸರಿ ಅದೆ ಕೆರಿಯಪ್ಪಣ್ಣ. ದನಿ ತಪ್ಪಿತ್ತು," ಎಂದಳು. ಚನ್ನಬಸವ ಕಾಟಾದ ಪಕ್ಕ ನಿಂತು ಆ ಮುಕ್ಕಾಲು ಗಂಟೆಯೂ ಅವಳನ್ನು ನೋಡುತ್ತಿದ್ದ. ಸಾಲಿನಲ್ಲಿ ಕಾಯುತ್ತಿದ್ದ ಬೆಳೆಗಾರರಲ್ಲಿ ಒಬ್ಬರೂ ತಡವಾಯಿತು ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಅವನು ಮತ್ತೆ ನನ್ನ ಗಾದಿಯ ಎದುರು ನಿಂತ.

"ಯಲ್ಲಾಪುರದ ವಖಾರಿಗೆ ನನ್ನ ಹಾಕ್ರಿ. ಅಲ್ಲಿಯವನ್ನ ಅಲ್ಲೇ ಬಿಡ್ರಿ. ಇಲ್ಲಿ ಕಾಟಾಕ್ಕ ಬ್ಯಾರೆ ಹುಡುಗನ್ನ ಕಲಿಸಿ ಹೋಗ್ತೀನಿ."

"ದಿನಾ ಅಷ್ಟು ದೂರ ಬಸ್ಸಲ್ಲಿ ಹೋಗಿ ಬರ್ತೀಯೇನೋ? ನಿನ್ನಂಥ ತೂಕದವನು ನನಗೆ ಎಲ್ಲಿ ಸಿಗಬೇಕು?"

"ಎಲ್ಲರ ಸಿಗತಾನ್ರಿ. ಕಾಟಾ ಈಗ ಕರೆಂಟಿಂದು, ಅದ ತೋರಿಸ್ತದ, ನಾ ಓದ್ತೀನಿ. ಅಕಿ ಕಿವಿ ಕರೆಂಟಿಂದಲ್ರಿ."

ನಾನು ಯಲ್ಲಾಪುರಕ್ಕೆ ಫೋನು ಮಾಡಿ, ಬರಬೇಡ ಎಂದೆ. ದೊಡ್ಡ ಮನಸ್ಸು ಮಾಡಿದೆ ಅನಿಸಿತು. ಮಧ್ಯಾಹ್ನ ತನುಜಾ ಬುತ್ತಿ ಉಂಡು ಕೈ ಒರೆಸಿಕೊಳ್ಳುತ್ತ ಬಂದಳು.

"ಸಾವಕಾರ್ರೇ, ಆ ಯಲ್ಲಾಪುರದವ್ರಿಗೆ ಬರಬ್ಯಾಡ ಅಂದ್ರಂತೆ."

"ಹೌದಮ್ಮ. ಇನ್ನು ನಿಶ್ಚಿಂತೆಯಿಂದ ಇರು."

"ಬರ್ಲಿ ಅಂದದ್ದೂ ನನ್ನ ಕೇಳ್ದೆ. ಬರಬ್ಯಾಡ ಅಂದದ್ದೂ ನನ್ನ ಕೇಳ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಚೀಲ ನೋಡಿ ಹೇಳುವ ದನಿಯೇ. "ನಾಳೆ ಮತ್ತೆ ಬರ್ಲಿ ಅನ್ನೂಕೆ ನಿಮಗೆ ಎಷ್ಟೊತ್ತು?"

ಅಷ್ಟರಲ್ಲಿ ಲಾರಿ ಬಂತು. ಅವಳು ಹೋಗಿ ಕೂತಳು.

ಚನ್ನಬಸವನಿಗೂ ಅವಳು ಸುಲಭದಲ್ಲಿ ಒಲಿಯಲಿಲ್ಲ. ಯಲ್ಲಾಪುರದ ಬಸ್ಸಿಗೆ ಎಷ್ಟು ಹೊತ್ತಿಗೆ ಏಳಬೇಕು ಗೊತ್ತಾ ಎಂದು ಕೇಳಿದಳು. ಗೊತ್ತು ಎಂದ.

"ಬುತ್ತಿ ಯಾರು ಕಟ್ಟೂದು?"

"ನಾನ ಕಟ್ಕೋತೀನಿ. ನಿಂದೂ ಕಟ್ತೀನಿ."

"ನಿನ್ನ ಖಡಕ್ ರೊಟ್ಟಿ ನನ್ನ ಹಲ್ಲಿಗೆ ಆಗೂದಿಲ್ಲ."

"ಮೆತ್ತಗಿಂದೂ ಬರ್ತದ."

"ನೋಡುವಾ," ಎಂದಳು. ಆದರೆ ಈ ಸಲದ್ದು ಬೇರೆ ನೋಡುವಾ ಎಂದು ಆರಿಸುವ ಹೆಂಗಸರಿಗೆಲ್ಲ ತಕ್ಷಣ ಗೊತ್ತಾಯಿತು. ಚೌಡಮ್ಮ ಸಂಜೆಯೊಳಗೆ ಸೀರೆಯ ಬಣ್ಣ ಮಾತಾಡಿ ಮುಗಿಸಿದ್ದಳು.

ಮೇ ತಿಂಗಳಲ್ಲಿ ಮದುವೆ. ಶಿರಸಿಯಲ್ಲೇ ಎರಡು ಕೋಣೆಯ ಬಾಡಿಗೆ ಮನೆ. ಮದುವೆಯ ಮುಂದಿನ ವಾರ ಗುರುಶಾಂತವ್ವನ ಹರಕೆ ತೀರಿಸಲು ಚಂದಗುಳಿಗೆ ಹೋದರು. ಅತ್ತೆಯ ಚೀಲದಿಂದ ಒಂದು ಗಂಟೆ ಹೊರಬಂತು. ತನುಜಾಳ ಚೀಲದಿಂದ ಇನ್ನೊಂದು.

"ನಿಂದ್ಯಾವ ಹರಕಿ ಬೇ?" ಎಂದು ಮುದುಕಿ ಕೇಳಿದಳು.

"ನಿಮ್ಮ ಮಗನ್ನ ಕೇಳ್ಕಂಡದ್ದಲ್ಲ ಅತ್ತೆ. ಕೆಲಸದ್ದು."

"ಅವನ್ನ ಕೇಳ್ಕೊಂಡಿದ್ರ ಸಣ್ಣ ಗಂಟಿನ ಸಾಕಿತ್ತು ಬಿಡು," ಎಂದು ಗುರುಶಾಂತವ್ವ ಎರಡನ್ನೂ ಒಟ್ಟಿಗೇ ಕಟ್ಟಿಸಿದಳು.

ಸಿನಿಮಾ ಶಿರಸಿಯಲ್ಲಿ ಐದು ದಿನ ಓಡಿತು. ಕೊನೆಯ ದೃಶ್ಯದಲ್ಲಿ ಕೈಗಳ ಭಾಗವನ್ನು ಸ್ಫೂರ್ತಿ ಮತ್ತೆ ತೆಗೆಯಲಿಲ್ಲ. ಐದನೆಯ ಸಲದ್ದನ್ನೇ ಇಟ್ಟುಕೊಂಡಿದ್ದಳು. ಬಾಗಿಲಲ್ಲಿ ಹೀರೋ ಕರೆಯುತ್ತಾನೆ, ಕೈಗಳು ಅಡಿಕೆ ಸುರಿಯುತ್ತವೆ, ಹೊರಡುವುದಿಲ್ಲ, ಒಂದನ್ನು ತೆಗೆದು ಬದಿಗಿಡುತ್ತವೆ. ಹೀರೋ ಬಂದು ಪಕ್ಕದಲ್ಲಿ ನೆಲಕ್ಕೆ ಕೂರುತ್ತಾನೆ. ಅಲ್ಲಿಗೆ ಮುಗಿಯಿತು. ಹಿಂದಿನ ಸಾಲಿನವರು, "ಎಂಥದಾ ಇದು, ಹಾಡೂ ಇಲ್ಲೆ, ಕೊನೆಯೂ ಇಲ್ಲೆ," ಎಂದು ಬೈದುಕೊಂಡು ಎದ್ದರು. ತನುಜಾ ತನ್ನ ಕೈಯನ್ನು ಅಷ್ಟು ದೊಡ್ಡದಾಗಿ ನೋಡಿ, ಹೆಬ್ಬೆರಳ ಗಾಯ ಸವರಿಕೊಂಡಳು. ನಡುವೆ ಒಮ್ಮೆ ಹೀರೋಯಿನ್ನು ಒಂದು ಅಡಿಕೆ ಎತ್ತಿ ಹಿಡಿದು "ಫಸ್ಟ್ ಕ್ಲಾಸ್" ಎಂದಾಗ ಮಾತ್ರ ಇಡೀ ಟಾಕೀಸಿಗೆ ಕೇಳುವಂತೆ "ಕೋಕಾ ಅದು!" ಎಂದಿದ್ದಳು.

ಈಗ ಅವನು ಬೆಳಿಗ್ಗೆ ಯಲ್ಲಾಪುರದ ಬಸ್ಸು ಹಿಡಿಯುತ್ತಾನೆ, ಅವಳು ನಡೆದು ವಖಾರಿಗೆ ಬರುತ್ತಾಳೆ. ಕಾಟಾಕ್ಕೆ ಬಂದ ಹೊಸಬನನ್ನು ಅವಳು ಮೊದಲ ದಿನದಿಂದಲೇ ಅಣ್ಣ ಎನ್ನುತ್ತಾಳೆ. ಬೆಳೆಗಾರರು ಕಟ್ಟಳೆಯ ಬಗ್ಗೆ ಒಮ್ಮೆಯೂ ಕೇಳಿಲ್ಲ. ಇಬ್ಬರೂ ಎದುರುಬದುರು ಕೂತೇ ಇದ್ದಿದ್ದರೂ ಅವರು ಕೇಳುತ್ತಿರಲಿಲ್ಲವೇನೋ ಎಂಬ ಅನುಮಾನ ನನಗೆ ಆಗಾಗ ಬರುತ್ತದೆ. ಅವರು ನಂಬಿದ್ದು ನಮ್ಮ ಕಟ್ಟಳೆಯನ್ನಲ್ಲ, ಅವಳನ್ನು. ಅದನ್ನು ತಿಳಿದುಕೊಳ್ಳಲು ನನಗೆ ಹದಿನಾಲ್ಕು ವರ್ಷ ಹಿಡಿಯಿತು.

ಅವಳನ್ನು ಕೇಳದೆ ಅವಳ ಕೆಲಸವನ್ನು ಒಮ್ಮೆ ಕಿತ್ತುಕೊಂಡೆ, ಇನ್ನೊಮ್ಮೆ ಕೊಟ್ಟೆ. ಎರಡಕ್ಕೂ ಸೇರಿ ನಾನು ತನುಜಾಳ ಕ್ಷಮೆ ಕೇಳಬೇಕಿದೆ. ಇನ್ನೂ ಕೇಳಿಲ್ಲ.